ಹಿಂದುಹಿಂದಕ್ಕೆ ನಡೆಯುವ ಕೆಲಸ

ಗಡಹಿಂಗ್ಲಜ
೨೪ ಜುಲೈ ೨೦೨೪

ಸಾಯಲಿ,

ಫೋನಿನಲ್ಲಿ ಬೈದರೆ ನೀನು ಅರ್ಧಕ್ಕೇ ಕಟ್ ಮಾಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಒಗೆದರೂ ಅದಕ್ಕೆ ಮೊದಲು ನಾಲ್ಕು ಸಾಲಾದರೂ ಓದಿರುತ್ತೀ.

ನಿನ್ನೆ ಎದುರುಮನೆ ಸುವರ್ಣಾ ಬಂದಿದ್ದಳು. ಕೈಯಲ್ಲಿ ಮೊಬೈಲು, ಮುಖದಲ್ಲಿ ಹಬ್ಬ. "ಹೀರಕ್ಕಾ, ನಿಮ್ಮ ಸಾಯಲಿ ಇದರಾಗ ಬಂದಾಳ ನೋಡ್ರಿ" ಎಂದು ಮೂಗಿನ ಹತ್ತಿರ ಹಿಡಿದಳು. ನೋಡಿದೆ. ಮುಂಬಯಿಯ ಯಾವುದೋ ದೊಡ್ಡ ಕಟ್ಟಡದ ಎದುರಿಗೆ ನೀನು. ಕೈಯಲ್ಲಿ ಕೇಸರಿ ಛತ್ರಿ, ಮಳೆ ಇಲ್ಲದಿದ್ದರೂ ಎತ್ತಿ ಹಿಡಿದಿದ್ದೀ. ಎದುರಿಗೆ ಹತ್ತು ಹದಿನೈದು ಜನ, ಟೋಪಿ ಹಾಕಿದವರು, ಚಡ್ಡಿ ಹಾಕಿದವರು. ನೀನು ಅವರ ಕಡೆ ಮುಖ ಮಾಡಿಕೊಂಡು ಹಿಂದುಹಿಂದಕ್ಕೆ ನಡೆಯುತ್ತಿದ್ದೀ. ಬಾಯಿ ಬೇರೆ ನಿಂತಿಲ್ಲ. ನಡುವೆ ಒಂದು ಸಲ ನೀನು "ಪಾಯರಿ ಆಹೇ, ಸಾಂಭಾಳೂನ", ಮೆಟ್ಟಿಲಿದೆ ಜೋಪಾನ, ಎಂದು ಮರಾಠಿಯಲ್ಲಿ ಕೂಗಿದೆ. ಕಣ್ಣಿದ್ದವರಿಗೆ ಮೆಟ್ಟಿಲು ತೋರಿಸುವುದಕ್ಕೆ ಪಗಾರ ಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಎಮ್ಮೆ ಹೊಡೆಯುವವನೂ ಎಮ್ಮೆಯ ಹಿಂದೆ ನೆಟ್ಟಗೆ ನಡೆಯುತ್ತಾನೆ ಸಾಯಲಿ. ಅವುಗಳ ಮುಂದೆ ಏಡಿಯ ಹಾಗೆ ಹಿಂದಕ್ಕೆ ಸರಿಯುವುದಿಲ್ಲ.

ಎರಡು ವರ್ಷದ ಹಿಂದೆ ಸುಳಕೂಡ ಊರಿನ ವರನ ಸಂಬಂಧ ಬಂದಾಗ ಪಡಸಾಲೆಯಲ್ಲಿ ಎಲ್ಲರೆದುರು "ನನಗ ಬ್ಯಾಡ" ಎಂದು ಚೀಲ ಎತ್ತಿಕೊಂಡು ಹೋದೆ. ತಮ್ಮನ ತಾಯಿಯಿಲ್ಲದ ಕೂಸು ಎಂದು ಸಾಕಿದ ಅತ್ತಿ ನಾನು, ನನ್ನ ಮುಖವನ್ನೂ ನೋಡಲಿಲ್ಲ. ಹೋಗಲಿ, ರಾಜಧಾನಿಗೆ ಹೋಗಿ ಏನೋ ಆಗುತ್ತಾಳೆ ಅಂದುಕೊಂಡೆ. ಆದದ್ದು ಇದು. ಕಂಡವರ ಊರನ್ನು ಕಂಡವರಿಗೆ ತೋರಿಸುವುದು.

ಇಲ್ಲಿ ಈ ಸಲ ನಮ್ಮ ಬಸದಿಯಲ್ಲಿ ಮುನಿ ಮಹಾರಾಜರ ಚಾತುರ್ಮಾಸ. ದೀಪಾವಳಿಯ ತನಕ ಇರುತ್ತಾರೆ. ದಿನಾ ಬೆಳಿಗ್ಗೆ ಮಡಿಯುಟ್ಟು, ತೆಂಗಿನಕಾಯಿ ಇಟ್ಟ ಕಲಶ ಹಿಡಿದು ನಾನು, ನಿಮ್ಮಪ್ಪ ಜಿನಪಾಲ ಬಾಗಿಲಲ್ಲಿ ನಿಲ್ಲುತ್ತೇವೆ. ಮರೆತಿದ್ದರೆ ನೆನಪಿಸುತ್ತೇನೆ: ಮಹಾರಾಜರು ಮನಸ್ಸಿನಲ್ಲಿ ಒಂದು ನೇಮ ಇಟ್ಟುಕೊಂಡು, ಬಲಗೈ ಹೆಗಲ ಮೇಲೆ ಇಟ್ಟು ಬೀದಿಗೆ ಇಳಿಯುತ್ತಾರೆ. ಆ ನೇಮ ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ಅದು ಯಾರ ಬಾಗಿಲಲ್ಲಿ ಕೂಡಿಬರುತ್ತದೋ ಅಲ್ಲಿ ನಿಲ್ಲುತ್ತಾರೆ. ದಿನಕ್ಕೆ ಒಂದೇ ಊಟ, ಒಂದೇ ಮನೆ; ಅದಕ್ಕೇ ಆಹಾರ ಅನ್ನುವುದು. ನಿಮ್ಮಜ್ಜನ ಕಾಲದಲ್ಲಿ ಒಂದು ಚಾತುರ್ಮಾಸವೂ ಈ ಮನೆಯ ಆಹಾರ ತಪ್ಪಿಸಿ ಹೋದದ್ದಿಲ್ಲ. ಈ ಸಲ ಸುವರ್ಣಾಳ ಮನೆಗೆ ಆಗಲೇ ಎರಡು ಸಲ ಆಯಿತು. ನಮ್ಮ ಬಾಗಿಲು ದಾಟಿಕೊಂಡೇ ಹೋಗುತ್ತಾರೆ.

ಸುವರ್ಣಾ ಹೋಗುವಾಗ ಅಂದಳು, "ಮನಿ ಹುಡುಗಿ ಹಿಂಗ ಬೀದ್ಯಾಗ ನಿಂತು ಮಂದೀನ ಕರಿಯಾಕತ್ರ, ಮಹಾರಾಜರು ಹೆಂಗ ಬರತಾರ್ರಿ?" ನಾನು ಚಹಾ ಕೊಟ್ಟೆ. ಸಕ್ಕರೆ ಹಾಕಲಿಲ್ಲ.

ಈ ಮನೆಯಲ್ಲಿ ಒಂದು ಆಹಾರ ಆಗಿಯೇ ನಾನು ಕಣ್ಣು ಮುಚ್ಚಬೇಕು. ಅಷ್ಟೇ ನನಗೆ ಬೇಕಾದದ್ದು. ನಿನಗೆ ಹೇಳಿ ಏನು ಉಪಯೋಗ.

ಹೀರಾಬಾಯಿ


ಮುಂಬಯಿ
೪ ಆಗಸ್ಟ್ ೨೦೨೪

ಅತ್ತಿ,

ನಾಲ್ಕು ಸಾಲಲ್ಲ, ಪೂರ್ತಿ ಓದಿದೆ. ಎಮ್ಮೆಯ ಹಿಂದೆ ನಡೆಯಬಹುದು ನಿಜ, ಏಕೆಂದರೆ ಎಮ್ಮೆಗೆ ಮನೆಯ ದಾರಿ ಗೊತ್ತಿರುತ್ತದೆ. ನನ್ನ ಹಿಂಡಿಗೆ ಅಷ್ಟೂ ಗೊತ್ತಿಲ್ಲ. ಒಂದು ಸಲ ಬೆನ್ನು ತಿರುಗಿಸಿದರೆ ಸಾಕು, ಅರ್ಧ ಜನ ಕಬ್ಬಿನ ಹಾಲಿನ ಗಾಡಿಯ ಹತ್ತಿರ, ಉಳಿದರ್ಧ ರಸ್ತೆಯ ನಡುವೆ ಸೆಲ್ಫಿ ತೆಗೆಯುತ್ತ ನಿಂತಿರುತ್ತಾರೆ. ಅದಕ್ಕೇ ಮುಖ ನೋಡಿಕೊಂಡು ನಡೆಯುವುದು. ಮುಖವೇನೂ ನೋಡುವಂಥದ್ದಲ್ಲ.

ಪುಣೆಯವರು ಬಂದರೆ ನಾನು ಹೇಳಿದ ಪ್ರತಿ ಇಸವಿಯನ್ನೂ ತಿದ್ದುತ್ತಾರೆ, ತಪ್ಪಾಗಿ. ವಿದೇಶದವರು ಬಂದರೆ ಇಷ್ಟು ದೊಡ್ಡ ಸ್ಟೇಷನ್ ಕಟ್ಟಡಕ್ಕೆ ಬೆನ್ನು ಮಾಡಿ ಎದುರಿನ ಗಲ್ಲಿಯಲ್ಲಿ ಒಣಗಿಸಿದ ಯಾರದೋ ಲುಂಗಿಯ ಫೋಟೋ ತೆಗೆಯುತ್ತಾರೆ. ಇಲ್ಲೇ ಹುಟ್ಟಿದವರು ಮ್ಯೂಸಿಯಂ ಒಳಗೆ ಕಾಲಿಟ್ಟಿರುವುದಿಲ್ಲ. ಊರಿನಿಂದ ನೆಂಟರು ಬಂದಾಗ ಮಾತ್ರ ಬಂದು, ಒಳಗೆ ಹೋಗುವ ಬಾಗಿಲು ಯಾವುದೆಂದು ನನ್ನನ್ನೇ ಕೇಳಿ, ನೆಂಟರ ಮುಂದೆ "ನಾವು ಯಾವಾಗ್ಲೂ ಬರತೇವಿ" ಅನ್ನುತ್ತಾರೆ.

ನಮ್ಮ ಕಡೆಯವರನ್ನಂತೂ ಕೇಳಬೇಡ. ಹೋದ ವಾರ ಇಚಲಕರಂಜಿಯಿಂದ ಒಂದು ಕುಟುಂಬ. ಯಜಮಾನನಿಗೆ ಪವರ್‌ಲೂಮು ಇವೆಯಂತೆ. ಮ್ಯೂಸಿಯಮ್ಮಿನಲ್ಲಿ ಸಾವಿರ ವರ್ಷದ ಮೂರ್ತಿಗಳನ್ನು ಕಣ್ಣೆತ್ತಿ ನೋಡಲಿಲ್ಲ. ಕಿಟಕಿಯ ಪರದೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ನಮ್ಮ ಮಾಲ ಅಲ್ಲ ಇದು" ಎಂದು ತೃಪ್ತಿಯಿಂದ ಹೊರಗೆ ಬಂದ. ಗೇಟ್‌ವೇ ಹತ್ತಿರ ಅವನ ಹೆಂಡತಿ ಸಮುದ್ರವನ್ನು ಮೇಲಿನಿಂದ ಕೆಳಗೆ ನೋಡಿ, "ನಮ್ಮ ರಂಕಾಳಾ ಕೆರೀನ ಭಾರಿ. ಇದಕ್ಕ ಆ ಕಡೀ ದಂಡೀನ ಇಲ್ಲ" ಎಂದಳು. ನಾನು ಛತ್ರಿ ಇಳಿಸಿ ನಕ್ಕೆ. ನೀನೇ ಮಾತಾಡಿದ ಹಾಗಿತ್ತು.

ದೀಪಾವಳಿಗೆ ನನಗೆ ರಜೆಯಿಲ್ಲ. ಊರೆಲ್ಲ ರಜೆ ಮಾಡಿದಾಗಲೇ ನಮ್ಮ ಕೆಲಸ. ರಜೆ ಸಿಕ್ಕರೂ ಬರುವುದಿಲ್ಲ. ಬಂದರೆ ಪಡಸಾಲೆಯಲ್ಲಿ ಯಾವನೋ ಒಬ್ಬ ಅವಲಕ್ಕಿ ತಿನ್ನುತ್ತ ಕುಳಿತಿರುತ್ತಾನೆ, ನಾನು ಚಹಾ ತರಬೇಕು, ಅವನ ಕಾಕಾ ನನ್ನ ಎತ್ತರ ಕೇಳಬೇಕು. ಗೊತ್ತಿದೆ ನನಗೆ.

ಸುವರ್ಣಾಗೆ ಹೇಳು, ಮುಂದಿನ ಸಲ ವಿಡಿಯೋ ನೋಡುವಾಗ ಲೈಕ್ ಒತ್ತಲಿ, ನಮ್ಮ ಕಂಪನಿಗೆ ಲಾಭ.

ಸಾಯಲಿ


ಗಡಹಿಂಗ್ಲಜ
೨೧ ಆಗಸ್ಟ್ ೨೦೨೪

ಸಾಯಲಿ,

ಮಹಾರಾಜರು ನಮ್ಮ ಬಾಗಿಲಿಗೆ ಬಂದಿದ್ದರು.

ನಿಂತರು. ನಾನು, ನಿಮ್ಮಪ್ಪ ಅವರ ಸುತ್ತ ಮೂರು ಸುತ್ತು ಬಂದೆವು. "ಮನೆಯೊಳಗೆ ದಯಮಾಡಿಸಬೇಕು" ಎಂದು ಕೇಳಿಕೊಂಡೆ. ಮುಂದಿನದು ನಿನಗೆ ಗೊತ್ತು. ಮುನಿಗಳಿಗೆ ಬೆನ್ನು ತೋರಿಸಬಾರದು. ಅವರ ಕಡೆ ಮುಖ ಮಾಡಿಯೇ, ಹಿಂದಕ್ಕೆ ಹೆಜ್ಜೆ ಇಡುತ್ತ, ಬೀದಿಯಿಂದ ಅಡುಗೆಮನೆಯ ತನಕ ಕರೆದುಕೊಂಡು ಹೋಗಬೇಕು. ನಾನೇ ಮುಂದಾದೆ. ಕಟ್ಟೆ ಹತ್ತಿದೆ. ಹೊಸ್ತಿಲಿಗೆ ಹಿಮ್ಮಡಿ ತಾಗಿತು.

ಬಿದ್ದೆ. ಕಲಶ ಉರುಳಿತು. ಏಳುವ ಗಡಿಬಿಡಿಯಲ್ಲಿ ಪೂರ್ತಿ ತಿರುಗಿ, ಅವರಿಗೆ ಬೆನ್ನು ಮಾಡಿ, ನೆಲಕ್ಕೆ ಕೈ ಊರಿದೆ. ಮತ್ತೆ ಮುಖ ತಿರುಗಿಸುವಷ್ಟರಲ್ಲಿ ಮಹಾರಾಜರು ಹೆಗಲ ಮೇಲಿನ ಕೈ ಇಳಿಸಿದ್ದರು. ಕೈ ಇಳಿಸಿದರೆಂದರೆ ಆ ದಿನದ ಊಟ ಮುಗಿಯಿತು, ಬೇರೆ ಮನೆಗೂ ಹೋಗುವುದಿಲ್ಲ. ಸುಮ್ಮನೆ ಬಸದಿಗೆ ನಡೆದರು. ಮರುದಿನದ ತನಕ ಅವರಿಗೆ ನೀರೂ ಇಲ್ಲ. ನಮ್ಮ ಬಾಗಿಲಿನಿಂದ ಒಬ್ಬ ಮುನಿ ಹಸಿದು ಹೋದರು.

ನಾನೂ ಆ ದಿನ ನೀರು ಮುಟ್ಟಲಿಲ್ಲ. ಅದರಿಂದ ಅವರ ಹಸಿವೇನೂ ಕಡಿಮೆಯಾಗಲಿಲ್ಲ.

ಸುವರ್ಣಾ ಅರಿಶಿನ ಅರೆದುಕೊಂಡು ಬಂದಳು. "ಇರಲಿ ಬಿಡ್ರಿ ಹೀರಕ್ಕಾ, ವಯಸ್ಸಾತು" ಅಂದಳು. ಇಷ್ಟು ಸಂತೋಷದಿಂದ ಸಮಾಧಾನ ಹೇಳುವವರನ್ನು ನಾನು ನೋಡಿರಲಿಲ್ಲ. ಕಾಲು ಸ್ವಲ್ಪ ಉಳುಕಿದೆ, ಮತ್ತೇನಿಲ್ಲ.

ಬರುತ್ತೇನೆ ಎನ್ನಬೇಡ. ಕನಿಕರಕ್ಕೆ ಬರುವವರು ಬೀದಿಯಲ್ಲೇ ಬೇಕಾದಷ್ಟಿದ್ದಾರೆ.

ಹೀರಾಬಾಯಿ


ಮುಂಬಯಿ
೨ ಸೆಪ್ಟೆಂಬರ್ ೨೦೨೪

ಅತ್ತಿ,

ಅಪ್ಪ ಫೋನ್ ಮಾಡಿದ್ದರು. ಕಾಲು ಸ್ವಲ್ಪ ಉಳುಕಿದೆ ಎಂದು ಬರೆದಿದ್ದೀ, ಎಲುಬು ಸೀಳಿ ಪ್ಲಾಸ್ಟರ್ ಹಾಕಿದ್ದಾರೆಂದು ಅವರು ಹೇಳಿದರು. ಸುಳ್ಳು ಹೇಳುವುದು ಪಾಪ ಎಂದು ನನಗೆ ಕಲಿಸಿದವಳು ನೀನೇ.

ಏಡಿಯ ಮಾತು ನೆನಪಿಸಬೇಕೆಂದು ಪೆನ್ನು ತೆಗೆದೆ. ನಗುವೂ ಬಂತು. ಆಮೇಲೆ ನೀನು ನೆಲಕ್ಕೆ ಕೈ ಊರಿದ್ದು ಕಣ್ಣಿಗೆ ಕಟ್ಟಿ ಅತ್ತುಬಿಟ್ಟೆ. ಹಾಸ್ಟೆಲಿನ ಪಕ್ಕದ ಕಾಟಿನ ಹುಡುಗಿ ಯಾರು ಸತ್ತರು ಎಂದು ಕೇಳಿದಳು. ಈ ಊರಿನವರಿಗೆ ಸತ್ತರೆ ಮಾತ್ರ ಅಳು ಎಂದು ಗೊತ್ತು.

ಒಂದು ಮಾತು ಹೇಳುತ್ತೇನೆ, ನಂಬು ಬಿಡು. ನಮ್ಮ ದಿನದ ಕೊನೆಯ ಟೂರು ಮರೀನ್ ಡ್ರೈವ್‌ನಲ್ಲಿ ಮುಗಿಯುತ್ತದೆ. ಸೂರ್ಯ ಮುಳುಗುವುದನ್ನು ತೋರಿಸಬೇಕು, ಅದಕ್ಕೇ ಅವರು ದುಡ್ಡು ಕೊಟ್ಟಿರುವುದು. ನೂರಾರು ಜನ ಕಟ್ಟೆಯ ಮೇಲೆ ಮೊಬೈಲು ಎತ್ತಿ ನಿಂತಿರುತ್ತಾರೆ, ಸೂರ್ಯ ಇವರ ಮನೆ ಮಗನ ಹಾಗೆ. ನಾನು ಅವರಿಗೆ ಬೆನ್ನು ಮಾಡಿ ಡಬ್ಬಿ ಬಿಚ್ಚಿ ಗಬಗಬ ಚಪಾತಿ ತಿನ್ನುತ್ತಿರುತ್ತೇನೆ, ಅವನು ಮುಳುಗುವ ಮೊದಲು ಮುಗಿಯಬೇಕಲ್ಲ. ಎರಡು ವರ್ಷದಲ್ಲಿ ದೀಪ ಹಚ್ಚಿದ ಮೇಲೆ ಉಂಡಿಲ್ಲ. ಉಳ್ಳಾಗಡ್ಡಿ, ಬಟಾಟಿ ಮುಟ್ಟಿಲ್ಲ. ಧರ್ಮಕ್ಕಲ್ಲ, ದೊಡ್ಡ ಮಾತು ಬೇಡ. ನೀನು ನೋಡುತ್ತಿದ್ದೀ ಅನಿಸುತ್ತದೆ.

ಆದ್ದರಿಂದ ಕಲಶ ಹಿಡಿದು ಬಾಗಿಲಲ್ಲಿ ನಿಲ್ಲಲು ನಾನು ಯೋಗ್ಯಳೋ ಅಲ್ಲವೋ ನೀನೇ ಹೇಳು. ಬಾ ಎಂದು ಬರೆ, ಬರುತ್ತೇನೆ. ಪಡಸಾಲೆಯಲ್ಲಿ ವರ ಕುಳಿತಿರಬಾರದು, ಅದೊಂದೇ ಷರತ್ತು.

ಸಾಯಲಿ


ಗಡಹಿಂಗ್ಲಜ
೨೮ ಸೆಪ್ಟೆಂಬರ್ ೨೦೨೪

ಸಾಯಲಿ,

ಬಾ ಎಂದು ಬರೆಯುವ ಅಭ್ಯಾಸ ನನಗಿಲ್ಲ. ಮನೆಯವರನ್ನು ಯಾರೂ ಆಮಂತ್ರಣ ಕೊಟ್ಟು ಕರೆಯುವುದಿಲ್ಲ.

ಸುಳಕೂಡದವನ ಮದುವೆಯಾಗಿ ಹೋಯಿತು. ಹುಡುಗಿಗೆ ಅವನ ತಾಯಿಯ ಬಾಯಿ ಸಾಕಾಗಿ ತವರಿಗೆ ಬಂದು ಕುಳಿತಿದ್ದಾಳೆ ಎಂದು ಸುದ್ದಿ. ನಮ್ಮ ಪಡಸಾಲೆಯಲ್ಲಿ ಈಗ ಶೇಂಗಾ ಚೀಲ ಇಟ್ಟಿದ್ದೇವೆ, ಕೂರಲು ಯಾರಿಗೂ ಜಾಗವಿಲ್ಲ.

ನಿಮ್ಮಪ್ಪ ತಾನೇ ನಡೆಯುತ್ತೇನೆ ಎಂದು ಹೊರಟ. "ಅದೇನ ದೊಡ್ಡದು ಅಕ್ಕಾ, ಹಿಂದ ಸರಿಯೋದು ತಾನ" ಎಂದು ಹಿತ್ತಲಲ್ಲಿ ಅಭ್ಯಾಸಕ್ಕೆ ನಿಂತ. ಹಿಂದುಹಿಂದಕ್ಕೆ ಹೋಗಿ ಎಮ್ಮೆಯ ಗೋದಲಿಯಲ್ಲಿ ಕುಳಿತ. ಎಮ್ಮೆ ಬದಿಗೆ ಸರಿದು ಜಾಗ ಮಾಡಿಕೊಟ್ಟಿತು. ಸುವರ್ಣಾ "ನಿಮ್ಮ ಬಾಗಲಾಗ ನಾ ನಿಂದರತೇನ್ರಿ" ಎಂದು ಹೇಳಿ ಕಳಿಸಿದ್ದಳು. ಬಾಗಿಲೇ ಹಾಕಿಬಿಡುತ್ತೇನೆ, ಅವಳನ್ನು ನಿಲ್ಲಿಸುವುದಿಲ್ಲ.

ಪ್ಲಾಸ್ಟರ್ ಬಿಚ್ಚಿಸಲು ಕೊಲ್ಹಾಪುರಕ್ಕೆ ಹೋಗಿದ್ದೆ. ಅದೂ ಒಂದು ಕಾಲದ ರಾಜಧಾನಿ. ಈಗ ಗುಡಿಯ ಹತ್ತಿರ ರಿಕ್ಷಾ ಹೋಗಲು ದಾರಿಯಿಲ್ಲ. ದೇವಿಯ ದರ್ಶನಕ್ಕಿಂತ ಮಿಸಳದ ತಾಟಿನ ಫೋಟೋಗೆ ಹೆಚ್ಚು ಪಾಳಿ. ಚಪ್ಪಲಿ ಕೊಳ್ಳುತ್ತಾರೆ, ಹಾಕಿ ನೋಡುತ್ತಾರೆ, ಕರಕರ ಎಂದಿತೆಂದು ನಗುತ್ತಾರೆ. ಹೊಸ ಚರ್ಮ ಮತ್ತೇನು ಹಾಡಬೇಕಿತ್ತೋ.

ಅಲ್ಲಿ ಒಬ್ಬ ಹುಡುಗಿ ಇದ್ದಳು. ನಿನ್ನಷ್ಟೇ ವಯಸ್ಸು. ಕೈಯಲ್ಲಿ ಕೋಲಿಗೆ ಕಟ್ಟಿದ ಹಳದಿ ಬಟ್ಟೆ. ಒಂದು ಬಸ್ಸಿನ ಜನರ ಮುಂದೆ ಹಿಂದುಹಿಂದಕ್ಕೆ ನಡೆದು ಬರುತ್ತಿದ್ದಳು. ಅವಳ ಹಿಮ್ಮಡಿಯ ಹತ್ತಿರವೇ ಹೂವಿನವಳ ದೊಡ್ಡ ಬುಟ್ಟಿ. ನಾನು ರಿಕ್ಷಾದಿಂದಲೇ ಚೀರಿದೆ, "ಏ ತಂಗಿ, ಹಿಂದ ಬುಟ್ಟಿ ಐತಿ!" ನಿಂತಳು. ನನ್ನ ಕಡೆ ಕೈ ಎತ್ತಿ ನಕ್ಕಳು, ಮತ್ತೆ ಮಾತು ಮುಂದುವರಿಸಿದಳು.

ಅಷ್ಟು ಜನ ಅವಳ ಎದುರಿಗೇ ಇದ್ದರು ಸಾಯಲಿ. ಎಲ್ಲರಿಗೂ ಬುಟ್ಟಿ ಕಾಣುತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಒಬ್ಬ ಮೊಬೈಲು ಎತ್ತಿಕೊಂಡು ಬೀಳುವುದನ್ನು ಕಾಯುತ್ತಿದ್ದ. ಆ ಮಂದಿಯ ಮುಖದ ಮೇಲೆ ಉಗುಳಬೇಕೆನಿಸಿತು, ಗುಡಿ ಹತ್ತಿರವೆಂದು ಬಿಟ್ಟೆ.

ಅವರಿಗೆ ಮೆಟ್ಟಿಲು ಬಂದರೆ ನೀನು ಹೇಳುತ್ತೀ. ನಿನ್ನ ಹಿಂದೆ ಬುಟ್ಟಿ ಇದೆ ಎಂದು ಆ ಊರಲ್ಲಿ ನಿನಗೆ ಯಾರು ಹೇಳುತ್ತಾರೆ?

ಹೀರಾಬಾಯಿ


ಮುಂಬಯಿ
೧೫ ಅಕ್ಟೋಬರ್ ೨೦೨೪

ಅತ್ತಿ,

ಯಾರೂ ಹೇಳುವುದಿಲ್ಲ. ಎರಡು ಸಲ ಬಿದ್ದಿದ್ದೇನೆ. ಒಂದು ಸಲ ಬಿದ್ದದ್ದನ್ನು ನೋಡಿ ಚಪ್ಪಾಳೆ ತಟ್ಟಿದರು, ಅದೂ ಟೂರಿನ ಭಾಗ ಅಂದುಕೊಂಡಿದ್ದರಂತೆ. ಈಗ ನಡೆಯುವ ಮೊದಲು ಒಂದು ಸಲ ದಾರಿಯನ್ನೆಲ್ಲ ಒಬ್ಬಳೇ ನಡೆದು ನೋಡಿಕೊಂಡಿರುತ್ತೇನೆ.

ದೀಪಾವಳಿ ಸೀಸನ್ನಿನಲ್ಲಿ ರಜೆ ಕೇಳಿದರೆ ಸಾಹೇಬನ ಮುಖ ನೋಡಬೇಕಿತ್ತು. ಮನೆಯಲ್ಲಿ ಏನು ಕಾರ್ಯಕ್ರಮ ಎಂದ. ಬೀದಿಯಿಂದ ಅಡುಗೆಮನೆಗೆ ಕರೆದುಕೊಂಡು ಹೋಗಬೇಕಾಗಿದೆ ಎಂದೆ. ಗ್ರೂಪಿನಲ್ಲಿ ಎಷ್ಟು ಜನ ಎಂದು ಕೇಳಿದ, ಅವನಿಗೆ ಅದೊಂದೇ ಪ್ರಶ್ನೆ ಬರುವುದು. ಒಬ್ಬರೇ ಎಂದೆ. ಚೀಲವಿಲ್ಲ, ಕ್ಯಾಮೆರಾ ಇಲ್ಲ, ಮಾತೂ ಇಲ್ಲ. ಅಂಥ ಪ್ರವಾಸಿ ಈ ಊರಿಗೆ ಇನ್ನೂ ಬಂದಿಲ್ಲ.

ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನಲ್ಲಿ ಕೊಲ್ಹಾಪುರ, ಅಲ್ಲಿಂದ ಎಸ್‌ಟಿ ಬಸ್ಸು. ಅಪ್ಪನನ್ನು ಸ್ಟ್ಯಾಂಡಿಗೆ ಕಳಿಸಬೇಡ, ಎಮ್ಮೆಗೆ ಬೇಸರವಾದೀತು. ಮಹಾರಾಜರ ನೇಮ ನಮ್ಮ ಬಾಗಿಲಲ್ಲಿ ಕೂಡಿಬರುತ್ತದೆಯೋ ಇಲ್ಲವೋ ಅದು ನನ್ನ ಕೈಯಲ್ಲಿಲ್ಲ. ಬಂದರೆ ಬೀಳುವುದಿಲ್ಲ, ಅಷ್ಟು ಹೇಳಬಲ್ಲೆ.

ಸಾಯಲಿ


ಗಡಹಿಂಗ್ಲಜ
೫ ನವೆಂಬರ್ ೨೦೨೪

ಸಾಯಲಿ,

ಮುಂಬಯಿ ಮುಟ್ಟಿದ್ದಕ್ಕೆ ಎರಡು ಸಾಲು ಬರೆಯಬೇಕಿತ್ತು. ಬಸ್ಸು ಹೊರಟಿತು ಎಂದು ಓಡಿದವಳು ಸರಿಯಾಗಿ ಹೇಳಿಯೂ ಹೋಗಲಿಲ್ಲ.

ಮಹಾರಾಜರು ಮೂರು ದಿನ ಬಾಗಿಲು ದಾಟಿಕೊಂಡು ಹೋದರು. ನೀನು ಸೋತ ಮುಖ ಮಾಡಲಿಲ್ಲ, ನಾನು ಮಾಡಿದೆ. ನಾಲ್ಕನೆಯ ಬೆಳಿಗ್ಗೆ, ನಿನ್ನ ಚೀಲ ಕಟ್ಟಿಟ್ಟ ಮೇಲೆ, ನಿಂತರು. ಆಮೇಲಿನದು ನಿನಗೆ ಗೊತ್ತಿದೆ ಅಂದುಕೊಂಡಿದ್ದೀ. ಅರ್ಧವೇ ಗೊತ್ತು. ನೀನು ಮಹಾರಾಜರ ಕಡೆ ನೋಡುತ್ತಿದ್ದೆ, ಒಂದು ಸಲವೂ ಹಿಂದೆ ನೋಡಲಿಲ್ಲ. ಹಿಂದೆ ಏನಿತ್ತು ಎಂದು ಹೇಳುತ್ತೇನೆ.

ಮಹಾರಾಜರ ಬೆನ್ನ ಹಿಂದೆ, ಎದುರುಮನೆ ಕಟ್ಟೆಯ ಮೇಲೆ ಸುವರ್ಣಾ ಕಲಶ ಹಿಡಿದು ನಿಂತಿದ್ದಳು, ಅವಳ ಕಣ್ಣು ನಿನ್ನ ಹಿಮ್ಮಡಿಯ ಮೇಲೇ ಇತ್ತು. ಕೊಲ್ಹಾಪುರದ ಆ ಮೊಬೈಲಿನವನ ಕಣ್ಣು, ಅದೇ. ನಮ್ಮ ಹೊಸ್ತಿಲ ಒಳಗೆ ನಿಮ್ಮಪ್ಪ ನೀರಿನ ತಂಬಿಗೆ ನಡುದಾರಿಯಲ್ಲಿ ಮರೆತಿದ್ದ, ಬುದ್ಧಿವಂತ. ಅದನ್ನು ನಾನು ಕಾಲಿನಿಂದ ಗೋಡೆಗೆ ಸರಿಸಿದೆ, ನೀನು ಕಟ್ಟೆ ಹತ್ತುವಷ್ಟರಲ್ಲಿ. ಪಡಸಾಲೆಯಲ್ಲಿ ಒಂದು ಶೇಂಗಾ ಚೀಲ ಬಾಗಿತ್ತು. ಅದನ್ನು ಬೆನ್ನು ಕೊಟ್ಟು ತಡೆದೆ. ಆ ಮೇಲೆ ಗೋಡೆ ಹಿಡಿದು ನಾನೂ ನಿನ್ನ ಹಿಂದೆಯೇ ಸರಿಯುತ್ತ ಬಂದೆ.

ಅದಕ್ಕೂ ಮೊದಲು ಹೊಸ್ತಿಲು ಬಂತು. ನೀನು ನೋಡದೆಯೇ ಹಿಮ್ಮಡಿ ಎತ್ತಿ ದಾಟಿದೆ. ದಾಟಿದವಳು ಸುಮ್ಮನಿರಬಾರದೇ? ರೂಢಿ ಬಾಯಿಗೆ ಬಂತು. ಮೂರು ಲೋಕ ಬಿಟ್ಟವರಿಗೆ, ಮುನಿ ಮಹಾರಾಜರಿಗೆ, ಟೋಪಿಯವರಿಗೆ ಹೇಳುವ ಧಾಟಿಯಲ್ಲೇ, "ಪಾಯರಿ ಆಹೇ, ಸಾಂಭಾಳೂನ" ಎಂದುಬಿಟ್ಟೆ!

ನನ್ನ ಜೀವ ಹೋಯಿತು. ಇನ್ನೇನು ಕೈ ಇಳಿಸುತ್ತಾರೆ, ಮುಗಿಯಿತು ಎಂದು ಅವರ ಹೆಗಲನ್ನೇ ನೋಡಿದೆ. ಮಹಾರಾಜರು ಒಂದು ಕ್ಷಣ ನಿಂತರು. ಕೆಳಗೆ ನೋಡಿದರು. ಹೊಸ್ತಿಲನ್ನು ಜೋಪಾನವಾಗಿ ದಾಟಿದರು. ಕೈ ಹೆಗಲ ಮೇಲೇ ಇತ್ತು.

ಅಡುಗೆಮನೆಯಲ್ಲಿ ನಿನ್ನ ಕೈಯಿಂದ ಅವರ ಬೊಗಸೆಗೆ ಮೊದಲ ನೀರು ಬಿತ್ತು. ತುಪ್ಪ, ಬೆಲ್ಲ, ಅನ್ನ ಎಲ್ಲ ಸಾಂಗವಾಯಿತು. ಕೂದಲಿಲ್ಲ, ಇರುವೆಯಿಲ್ಲ, ಯಾವ ಅಡ್ಡಿಯೂ ಬರಲಿಲ್ಲ. ನನ್ನ ಆಸೆ ತೀರಿತು.

ನೀನು ಹೋದ ಮೇಲೆ ಸಂಜೆ ಸುವರ್ಣಾ ಬಂದು, "ಸಾಯಲಿ ಮಹಾರಾಜರಿಗೆ ಹಂಗ ಅನಬಾರದಿತ್ತ ಬಿಡ್ರಿ. ಅದೇನ ಟೂರಿಷ್ಟ ಜಾಗಾ ಏನ್ರಿ?" ಎಂದಳು. ನಾನು, "ಹೌದಬೇ ಸುವರ್ಣಾ, ನಮ್ಮ ಹುಡುಗಿ ಎದುರಿಗೆ ಬಂದವರು ಎಡವಬಾರದು ಅಂತಾಳ. ನೀ ನಮ್ಮ ಎದುರಿಗೇ ಇದ್ದೀ ಇಷ್ಟ ವರ್ಷ, ನನಗ ಹೊಸ್ತಲಾ ಐತಿ ಅಂತ ಹೇಳಿದೇನು?" ಎಂದೆ. ಚಹಾ ಕೊಟ್ಟೆ. ಈ ಸಲ ಸಕ್ಕರೆ ಹಾಕಿದೆ, ಕುಡಿಯಲಿಲ್ಲ.

ನಿನ್ನ ಕೆಲಸ ಈಗಲೂ ನನಗೆ ಸೇರುವುದಿಲ್ಲ. ಆ ಮಂದಿ ನಿನ್ನ ಹಿಂದುಹಿಂದಿನ ನಡಿಗೆಗೆ ಯೋಗ್ಯರಲ್ಲ. ಕಾಲು ಪೂರ್ತಿ ನೆಟ್ಟಗಾದ ಮೇಲೆ ಒಂದು ಸಲ ಬರುತ್ತೇನೆ. ಸಮುದ್ರ ನೋಡಲು ಅಲ್ಲ, ದಂಡೆಯಿಲ್ಲದ್ದನ್ನು ಏನು ನೋಡುವುದು. ನಿನ್ನ ಹಿಂದೆ ನಡೆಯಲು.

ಇನ್ನೊಂದು ಮಾತಿದೆ. ಬಸದಿಯಲ್ಲಿ ಹೇಳಲಾಗಲಿಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ. ಹೊಸ್ತಿಲಿನಿಂದ ಅಡುಗೆಮನೆಯ ತನಕ ನನ್ನ ಕೈ ನಿನ್ನ ಬೆನ್ನಿನ ಹಿಂದೆಯೇ ಇತ್ತು, ಒಂದು ಗೇಣು ದೂರದಲ್ಲಿ. ನೀನು ಬೀಳಲಿಲ್ಲ. ವರ್ಷಗಟ್ಟಲೆ ಕಾದ ಆಹಾರ ಅದು. ಆದರೂ ಒಂದು ಕ್ಷಣ, ಸ್ವಲ್ಪ ಎಡವಲಿ, ನಾನು ಹಿಡಿದುಕೊಳ್ಳುತ್ತೇನೆ ಎಂದು ಮನಸ್ಸಿಗೆ ಬಂದುಹೋಯಿತು.

ಆ ಪಾಪ ನನ್ನದೇ ಇರಲಿ.

ನಿನ್ನ ಅತ್ತಿ,
ಹೀರಾಬಾಯಿ